ಕಾಲು ತೊಡರಿದ್ದು ಯಾವ ಮಾತ್ರೆಗೆ?

ಒಂದಡಿ ಅಗಲವೂ ಇಲ್ಲದ ಗದ್ದೆ ಬದುವಿನ ಮೇಲೆ, ತಲೆ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು, ಹಿಂದೆ ಬರುವವಳ ಜೊತೆ ಮಾತಾಡುತ್ತಲೇ ನಡೆದು ಹೋಗುವ ಹೆಂಗಸನ್ನು ಬೂಕನಕೆರೆ ಹೋಬಳಿಯಲ್ಲಿ ಯಾರೂ ನಿಂತು ನೋಡುವುದಿಲ್ಲ. ನರರೋಗ ತಜ್ಞರು ಕಂಡರೆ ಮಾತ್ರ ಅವರಿಗೆ ತಮ್ಮ ಕೊಠಡಿಯ ಪರೀಕ್ಷೆಯೊಂದು ನೆನಪಾದೀತು. ನೆಲದ ಮೇಲಿನ ನೇರ ಗೆರೆಯಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ರೋಗಿಯನ್ನು ಹತ್ತು ಹೆಜ್ಜೆ ನಡೆಸುತ್ತಾರೆ. ಕಾಲು ಗೆರೆ ಬಿಟ್ಟು ಅತ್ತಿತ್ತ ಹೋದರೆ ಚಲನೆಯ ಹೊಂದಾಣಿಕೆ ಕೆಟ್ಟಿದೆ ಎಂದು ಬರೆದುಕೊಳ್ಳುತ್ತಾರೆ. ಆಸ್ಪತ್ರೆಯ ಆ ಹತ್ತು ಹೆಜ್ಜೆಗೆ ಹೊರೆಯಿಲ್ಲ, ಕೆಸರಿಲ್ಲ, ಪಕ್ಕದ ಮನೆಯ ಸುದ್ದಿಯೂ ಇಲ್ಲ. ಬದುವಿನ ಮೇಲಿನ ಪರೀಕ್ಷೆ ಅದಕ್ಕಿಂತ ಕಠಿಣ, ಮತ್ತು ದಿನಾ ನಡೆಯುವಂಥದ್ದು.

ಆ ಹೆಜ್ಜೆ ಒಂದು ದಿನ ತಪ್ಪುತ್ತದೆ. ‘ಯಾಕೋ ಜೋಲಿ ಹೊಡೀತದೆ’, ‘ಕಾಲು ನೆಲಕ್ಕೆ ಸರ್ಯಾಗಿ ಊರ್ತಿಲ್ಲ’, ‘ಕುಡ್ದೋರಂಗೆ ಆಯ್ತದೆ’ ಎಂದು ಜನ ಹೇಳುತ್ತಾರೆ. ಕಾರಣ ಕೇಳಿದರೆ ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ: ವಯಸ್ಸಾಯಿತು, ಬಿಸಿಲು, ಬಿಪಿ, ಸಕ್ಕರೆ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ. ಬಹುಪಾಲು ಸಲ ಇವುಗಳಲ್ಲೊಂದು ನಿಜವೂ ಆಗಿರುತ್ತದೆ. ಮಂಡಿ ನೋವಿಗೆಂದು ಮೂರು ದಿನದಿಂದ ನುಂಗುತ್ತಿರುವ ಮಾತ್ರೆಯ ಕಡೆಗೆ ಬೆರಳು ತೋರಿಸುವವರು ಕಡಿಮೆ. ನೋವು ಕಳೆದ ಮಾತ್ರೆ ಉಪಕಾರಿ. ಅದರ ಮೇಲೆ ಅನುಮಾನ ಪಡುವುದು ಹೇಗೆ?

ಬೂಕನಕೆರೆ ಹೊರಗಿನವರಿಗೆ ಯಡಿಯೂರಪ್ಪನವರ ಹುಟ್ಟೂರು. ಕೃಷ್ಣರಾಜಪೇಟೆ ತಾಲ್ಲೂಕಿನವರಿಗೆ ಅದೊಂದು ಹೋಬಳಿ ಕೇಂದ್ರ, ಗೋಗಾಲಮ್ಮನ ಊರು. ಸುತ್ತಲಿನ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ತಾಲ್ಲೂಕುಗಳನ್ನೂ ಸೇರಿಸಿಕೊಂಡರೆ ಇದು ಭತ್ತ, ಕಬ್ಬು, ರಾಗಿ, ತೆಂಗಿನ ಸೀಮೆ. ಇಲ್ಲಿನ ನೋವಿಗೂ ಒಂದು ಪಂಚಾಂಗವಿದೆ. ನಾಟಿಯ ಕಾಲದಲ್ಲಿ ಹೆಂಗಸರ ಸೊಂಟ, ಕಬ್ಬಿನ ಕಟಾವಿನಲ್ಲಿ ಗಂಡಸರ ಹೆಗಲು ಮತ್ತು ಮಣಿಕಟ್ಟು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರ ಬೆನ್ನು. ಮಾರನೆ ದಿನ ಕೂಲಿ ತಪ್ಪಬಾರದೆಂದರೆ ರಾತ್ರಿಯೇ ಏನಾದರೂ ನುಂಗಬೇಕು, ಇಲ್ಲವೇ ‘ಸೂಜಿ ಹಾಕಿಸ್ಕಂಡು’ ಬರಬೇಕು. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ಒಂದು ಬೆಳಿಗ್ಗೆ ಬಗ್ಗಿ ಪೈರು ನೆಟ್ಟು ನೋಡಬೇಕು.

ನೋವಿನ ಮಾತ್ರೆ ಎಂಬ ಒಂದೇ ಹೆಸರಿನಡಿ ನಾವು ನುಂಗುವ ವಸ್ತುಗಳು ಒಂದೇ ಕುಲದವಲ್ಲ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೇನ್ ಒಂದು ಗುಂಪು. ಪೆಟ್ಟಾದ ಜಾಗದಲ್ಲಿ ದೇಹ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಊತ, ಉರಿ, ನೋವು ಎಬ್ಬಿಸುತ್ತವೆ. ಈ ಗುಂಪು ಅವುಗಳ ತಯಾರಿಕೆಯನ್ನೇ ತಡೆಯುತ್ತದೆ. ಆಸ್ಪಿರಿನ್ ಮಾಡುವುದೂ ಇದನ್ನೇ ಎಂದು 1971ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ವೇನ್. ಪ್ರೊಸ್ಟಾಗ್ಲಾಂಡಿನ್ ಕುರಿತ ಕೆಲಸಕ್ಕೆ 1982ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ಗುಂಪಿನ ಮುಖ್ಯ ಕಾಟ ಜಠರಕ್ಕೆ, ಮೂತ್ರಪಿಂಡಕ್ಕೆ, ಹೃದಯಕ್ಕೆ. ತಲೆಸುತ್ತು ಬರಬಹುದು, ತೀರಾ ಅಪರೂಪಕ್ಕೆ ಕೈನಡುಕವೂ ವರದಿಯಾಗಿದೆ. ಆದರೆ ನಡಿಗೆ ತಪ್ಪಿಸುವ ಗುಣ ಇವುಗಳ ಸ್ವಭಾವವಲ್ಲ.

ಡೈಕ್ಲೊಫೆನಾಕ್ ಚುಚ್ಚುಮದ್ದಿನದು ಬೇರೆಯೇ ಕತೆ. ಪೃಷ್ಠದಲ್ಲಿ ಸೂಜಿ ತಪ್ಪಿದ ಜಾಗಕ್ಕೆ ಹೋಗಿ ಕಾಲಿನ ದೊಡ್ಡ ನರಕ್ಕೆ ತಾಗಿದರೆ ಪಾದ ಜೋತು ಬೀಳಬಹುದು. ಅದು ನರಕ್ಕಾದ ಪೆಟ್ಟು, ಒಂದೇ ಕಾಲಿಗೆ ಬರುವಂಥದ್ದು, ಸೂಜಿ ಹಾಕಿಸಿಕೊಂಡ ಗಳಿಗೆಯಿಂದಲೇ ಗೊತ್ತಾಗುವಂಥದ್ದು. ಇಲ್ಲಿ ನಾನು ಹೇಳಹೊರಟಿರುವ ತೂರಾಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯ ಕುಲ ಕೆಲಸ ಮಾಡುವುದು ಮಂಡಿಯಲ್ಲಲ್ಲ, ಮೆದುಳಿನಲ್ಲಿ ಮತ್ತು ಬೆನ್ನುಹುರಿಯಲ್ಲಿ. ಇದರ ಪ್ರತಿನಿಧಿ ಟ್ರಮಡಾಲ್. ಒಂಟಿಯಾಗಿ ಸಿಗುವುದಕ್ಕಿಂತ ಪ್ಯಾರಾಸಿಟಮಾಲ್ ಜೊತೆ ಬೆರೆತು ಸಿಗುವುದೇ ಹೆಚ್ಚು: 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಹಲ್ಲು ಕೀಳಿಸಿದವರಿಗೆ, ಆಪರೇಷನ್ ಆದವರಿಗೆ, ಡಿಸ್ಕ್ ಜರುಗಿದವರಿಗೆ ವೈದ್ಯರು ಬರೆದುಕೊಡುವ ಸಾಮಾನ್ಯ ಮದ್ದು. ಪಶ್ಚಿಮ ಜರ್ಮನಿಯ ಗ್ರುನೆಂತಾಲ್ ಕಂಪನಿ ಇದನ್ನು 1962ರಲ್ಲಿ ತಯಾರಿಸಿ, 1977ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕಂಪನಿಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಟ್ರಮಡಾಲ್‌ನ ಅಧಿಕೃತ ಮಾಹಿತಿ ಪತ್ರದಲ್ಲಿ ಅಡ್ಡಪರಿಣಾಮಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದಿರುತ್ತಾರೆ. ಮೇಲಿನ ಮೆಟ್ಟಿಲಿನಲ್ಲಿ ತಲೆಸುತ್ತು, ವಾಕರಿಕೆ. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಗುವಂಥವು. ಬಹಳ ಕೆಳಗೆ ‘ಅಪರೂಪ’ ಎಂಬ ಮೆಟ್ಟಿಲಿನಲ್ಲಿ ನಡುಕ, ಮಾತು ತೊದಲುವುದು, ಫಿಟ್ಸ್, ತಾನಾಗಿ ಸ್ನಾಯು ಸೆಳೆಯುವುದು, ಇವುಗಳ ಜೊತೆಗೆ ಚಲನೆಯ ಹೊಂದಾಣಿಕೆ ತಪ್ಪುವುದೂ ಇದೆ. ಅಪರೂಪ ಎಂಬ ಮಾತಿಗೆ ಔಷಧ ಲೋಕದಲ್ಲಿ ಕರಾರುವಾಕ್ಕಾದ ಅಳತೆ ಉಂಟು: ಮದ್ದು ತೆಗೆದುಕೊಂಡ 10,000 ಜನರಲ್ಲಿ ಒಬ್ಬರಿಂದ ಹತ್ತು ಜನರವರೆಗೆ. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಎಂಬ ಇನ್ನೊಂದು ಮದ್ದಿನ ಪತ್ರದಲ್ಲಿ ಇದೇ ತೊಂದರೆ ‘ಸಾಮಾನ್ಯ’ ಎಂಬ ಮೆಟ್ಟಿಲಿನಲ್ಲಿದೆ, ಅಂದರೆ ನೂರು ಜನರಲ್ಲಿ ಒಬ್ಬರಿಂದ ಹತ್ತು ಜನರವರೆಗೆ. ಸಕ್ಕರೆ ಕಾಯಿಲೆಯವರ ಪಾದದುರಿಗೆ ವಿಟಮಿನ್ ಬಿ12 ಸೇರಿಸಿ ಕೊಡುವ ಕ್ಯಾಪ್ಸೂಲ್‌ಗಳಲ್ಲಿ ಬಹಳಷ್ಟು ಸಲ ಇರುವುದು ಇದೇ ಪ್ರಿಗಾಬಲಿನ್. ಮನೆಮಂದಿ ಅದನ್ನು ‘ಶಕ್ತಿ ಮಾತ್ರೆ’ ಎಂದುಕೊಂಡಿರುತ್ತಾರೆ.

ಹೆಜ್ಜೆ ತಪ್ಪಿಸುವುದು ಅಷ್ಟು ಸುಲಭವೇ ಎಂದರೆ, ಹೆಜ್ಜೆ ಇಡುವುದೇ ಅಷ್ಟು ಸುಲಭವಲ್ಲ. ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಕೂತಿರುವ ಅನುಮಸ್ತಿಷ್ಕ ಗಾತ್ರದಲ್ಲಿ ಮೆದುಳಿನ ಹತ್ತನೇ ಒಂದು ಭಾಗ. ಆದರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇರುವುದು ಅಲ್ಲಿ. ಕಾಲೆತ್ತು ಎಂದು ಆಜ್ಞೆ ಕೊಡುವುದು ಅದರ ಕೆಲಸವಲ್ಲ. ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು, ಕಾಲು ಜಾರಿದರೆ ಸೊಂಟವನ್ನು ಯಾವ ಕಡೆಗೆ ವಾಲಿಸಬೇಕು ಎಂಬ ತಿದ್ದುಪಡಿಯನ್ನು ನಮಗೆ ಗೊತ್ತಾಗುವ ಮೊದಲೇ ಅದು ಮಾಡಿ ಮುಗಿಸಿರುತ್ತದೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿ ಬದುಕುಳಿದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ವೈದ್ಯರು ವರ್ಷಗಟ್ಟಲೆ ಪರೀಕ್ಷಿಸಿದರು. ಬಲಭಾಗದ ಅನುಮಸ್ತಿಷ್ಕ ಕೆಟ್ಟವನೊಬ್ಬ ತನ್ನ ಎಡಗೈ ತಾನೇ ಕೆಲಸ ಮಾಡುತ್ತದೆ, ಬಲಗೈಯ ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಯೋಚಿಸಿ ಮಾಡಬೇಕು ಎಂದು ಹೇಳಿಕೊಂಡಿದ್ದ. ಬದುವಿನ ಮೇಲೆ ಮಾತಾಡುತ್ತ ನಡೆಯಬಲ್ಲವಳು ಮಾತು ನಿಲ್ಲಿಸಿ, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ನೋಡಿ ಇಡತೊಡಗಿದರೆ ಅದೇ ಮೊದಲ ಸೂಚನೆ. ಬೀಳುವುದು ಆಮೇಲೆ.

ಟ್ರಮಡಾಲ್ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಅದು ಅಫೀಮಿನ ದೂರದ ನೆಂಟ. ನೋವಿನ ಸುದ್ದಿಯನ್ನು ತಗ್ಗಿಸುವ ನರದ್ವಾರಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದರ ಜೊತೆಗೆ ನರಗಳ ನಡುವಿನ ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ಖಾಲಿಯಾಗದಂತೆ ತಡೆಯುತ್ತದೆ. ಸ್ವಾರಸ್ಯ ಇರುವುದು ಮುಂದಿನ ಹಂತದಲ್ಲಿ. ಮೊದಲ ದಾರಿ ಚೆನ್ನಾಗಿ ತೆರೆದುಕೊಳ್ಳಬೇಕಾದರೆ ಪಿತ್ತಜನಕಾಂಗದ ‘ಸಿವೈಪಿ2ಡಿ6’ ಎಂಬ ಕಿಣ್ವ ಟ್ರಮಡಾಲನ್ನು ಇನ್ನೊಂದು ರೂಪಕ್ಕೆ ಬದಲಿಸಬೇಕು. ಆ ಕಿಣ್ವ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ, ಅದು ವಂಶದಿಂದ ಬರುವಂಥದ್ದು. ಯುರೋಪಿನವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಲ್ಲಿ ಅದು ಕೆಲಸವನ್ನೇ ಮಾಡದು, ನಮ್ಮಲ್ಲೂ ಅಂಥವರಿದ್ದಾರೆ. ಕೆಲವರಲ್ಲಿ ಅದು ವಿಪರೀತ ಚುರುಕು. ಒಂದೇ ಮನೆಯ ಅಣ್ಣನಿಗೆ ನೋವು ಹೋಗದ ಮಾತ್ರೆ ತಮ್ಮನನ್ನು ಮಂಪರಿಗೆ ಕೆಡವಿದರೆ ಮಾತ್ರೆ ನಕಲಿಯೆಂದು ಬೈಯಬೇಕಾಗಿಲ್ಲ. ಇನ್ನು ಮದ್ದು ಹೊರಹೋಗುವುದು ಮೂತ್ರಪಿಂಡದ ಮೂಲಕ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಲ್ಲಿ ಬೆಳಗಿನ ಮಾತ್ರೆ ಖಾಲಿಯಾಗುವ ಮೊದಲೇ ಸಂಜೆಯದು ಬಂದು ಸೇರುತ್ತದೆ. 75 ದಾಟಿದವರಿಗೆ ದಿನದ ಗರಿಷ್ಠ ಪ್ರಮಾಣವನ್ನು 400ರಿಂದ 300 ಮಿಲಿಗ್ರಾಂಗೆ ಇಳಿಸಿರುವುದು ಇದಕ್ಕೇ.

ಇಷ್ಟು ಹೇಳಿಯೂ, ಒಂದು ಮಾತ್ರೆ ಒಂಟಿಯಾಗಿ ಒಬ್ಬರ ಕಾಲು ತಪ್ಪಿಸುವುದು ನಿಜಕ್ಕೂ ಅಪರೂಪ ಎಂಬುದನ್ನು ಒಪ್ಪಬೇಕು. ತಪ್ಪಿಸುವುದು ಸಹವಾಸ. ಖಿನ್ನತೆಗೆಂದು ಫ್ಲುಯೊಕ್ಸೆಟಿನ್, ನಿದ್ದೆಗೋ ತಲೆನೋವಿಗೋ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತಿರುವವರಿಗೆ ಹಲ್ಲುನೋವಿನ ನೆಪದಲ್ಲಿ ಟ್ರಮಡಾಲ್ ಬಂದು ಸೇರಿತೆನ್ನಿ. ಎರಡೂ ಕಡೆಯಿಂದ ಸಿರೊಟೋನಿನ್ ಏರುತ್ತದೆ. ಬೆವರು, ಚಡಪಡಿಕೆ, ನಡುಕ, ಪಾದ ಟಪಟಪನೆ ಅದುರುವುದು, ನಡಿಗೆ ತಪ್ಪುವುದು ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು. ಫ್ಲುಯೊಕ್ಸೆಟಿನ್ ಮೇಲೆ ಹೇಳಿದ ಕಿಣ್ವವನ್ನೂ ಕಟ್ಟಿಹಾಕುತ್ತದೆ. ಹಾಗಾಗಿ ನೋವು ಕಡಿಮೆಯಾಗುವುದಿಲ್ಲ. ಕಡಿಮೆಯಾಗಲಿಲ್ಲವೆಂದು ರೋಗಿ ಇನ್ನೊಂದು ಮಾತ್ರೆ ನುಂಗುತ್ತಾರೆ. ಬದಲಾಗದೆ ಉಳಿದ ಟ್ರಮಡಾಲ್ ರಕ್ತದಲ್ಲಿ ಇನ್ನಷ್ಟು ಏರುತ್ತದೆ. ಟಿಜಾನಿಡಿನ್ ಎಂಬ ಸ್ನಾಯು ಸಡಿಲಿಸುವ ಮದ್ದನ್ನು ಸೊಂಟನೋವಿನ ಮಾತ್ರೆಗಳಲ್ಲಿ ಅಸಿಕ್ಲೊಫೆನಾಕ್ ಜೊತೆ ಬೆರೆಸಿ ಮಾರುತ್ತಾರೆ. ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್ ನುಂಗುತ್ತಿರುವವರು ಅದನ್ನು ಮುಟ್ಟಲೇಬಾರದು. ಸಿಪ್ರೊ ಇದ್ದಾಗ ಟಿಜಾನಿಡಿನ್ ರಕ್ತದಲ್ಲಿ ಸುಮಾರು ಹತ್ತು ಪಟ್ಟು ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ. ಇವುಗಳ ಮೇಲೆ ಸಂಜೆಯ ಒಂದು ಕ್ವಾರ್ಟರ್ ಬಿದ್ದರೆ ತೂರಾಟಕ್ಕೆ ಯಾವುದು ಕಾರಣ ಎಂದು ಯಾರೂ ಹೇಳಲಾರರು, ಹೇಳುವ ಗೋಜಿಗೂ ಹೋಗುವುದಿಲ್ಲ.

ಡೈಕ್ಲೊಫೆನಾಕ್ ನಿರಪರಾಧಿ ಎಂದು ಮೇಲೆ ಹೇಳಿದ್ದೆನಲ್ಲ, ಅದಕ್ಕೊಂದು ತಿದ್ದುಪಡಿ. ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ತೋರಿಸಿಕೊಂಡು, ಊರಿನಲ್ಲಿ ಯಾರಿಗೂ ಹೇಳದೆ ನುಂಗುವವರು. ಲಿಥಿಯಂ ಒಳ್ಳೆಯ ಮದ್ದು, ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಅದು ದೇಹದಿಂದ ಹೋಗಬೇಕಾದ್ದು ಮೂತ್ರಪಿಂಡದಿಂದಲೇ. ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯಲು ಪ್ರೊಸ್ಟಾಗ್ಲಾಂಡಿನ್ ಬೇಕು, ಡೈಕ್ಲೊಫೆನಾಕ್ ತಡೆಯುವುದು ಅದನ್ನೇ. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ, ಮಂಡಿ ನೋವಿನ ನಾಲ್ಕು ದಿನದ ಮಾತ್ರೆಯಿಂದ ಲಿಥಿಯಂ ಕಟ್ಟೆಯೊಡೆಯಬಹುದು: ಕೈ ಒರಟಾಗಿ ನಡುಗುತ್ತದೆ, ನಾಲಗೆ ತೊದಲುತ್ತದೆ, ಕಾಲು ಅಗಲಿಸಿ ನಡೆಯಬೇಕಾಗುತ್ತದೆ. ಕೆಲವರಲ್ಲಿ ಲಿಥಿಯಂ ಇಳಿದ ಮೇಲೂ ಅನುಮಸ್ತಿಷ್ಕದ ಹಾನಿ ಉಳಿದುಬಿಡುತ್ತದೆ. ಈ ಅಪಾಯಕ್ಕೆ ಬಡತನಕ್ಕಿಂತ ಸಂಕೋಚವೇ ದೊಡ್ಡ ಕಾರಣ. ಮೆಡಿಕಲ್ ಸ್ಟೋರ್‌ನ ಕಟ್ಟೆ ಮುಂದೆ, ನಾಲ್ಕು ಜನ ಪರಿಚಿತರ ನಡುವೆ, ‘ನಾನು ಮನೋವೈದ್ಯರ ಮಾತ್ರೆ ತಗೋತೀನಿ’ ಎಂದು ಯಾರು ಹೇಳುತ್ತಾರೆ?

ಆ ಕಟ್ಟೆಯ ಮುಂದಿನ ಮಾತುಕತೆ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ.

‘ಏನಜ್ಜಿ?’

‘ಮಂಡಿ ಕಣ್ ಮಗ, ಮಡ್ಚಕಾಯ್ತಿಲ್ಲ. ಆವತ್ ಕೊಟ್ಟಿದ್ಯಲ್ಲ, ಅದ್ನೇ ಕೊಡು.’

‘ಯಾವ್ದಜ್ಜಿ, ಹಳದೀದ?’

‘ಹಳದೀದೋ ಬಿಳೀದೋ, ನಂಗೇನ್ ಗೊತ್ತು. ನೋವು ವಸಿ ಕಮ್ಮಿ ಆಗಿತ್ತು.’

ಕತ್ತರಿ ಓಡುತ್ತದೆ. ಹತ್ತು ಮಾತ್ರೆಯ ಪಟ್ಟಿಯಿಂದ ನಾಲ್ಕು ತುಂಡಾಗಿ ಬರುತ್ತವೆ, ಕಾಗದದ ಪೊಟ್ಟಣ ಸೇರುತ್ತವೆ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಅಂಗಡಿಯ ಡಬ್ಬದಲ್ಲೇ ಉಳಿಯುತ್ತವೆ. ಅಂಗಡಿಯವರನ್ನು ಖಳನಾಯಕರನ್ನಾಗಿ ಮಾಡುವ ಇರಾದೆ ನನಗಿಲ್ಲ. ಹತ್ತು ಮಾತ್ರೆಗೆ ಕೊಡುವಷ್ಟು ದುಡ್ಡು ಅಜ್ಜಿಯ ಹತ್ತಿರ ಇಲ್ಲ, ಅಷ್ಟು ಮಾತ್ರೆ ಬೇಕಾಗಿಯೂ ಇಲ್ಲ. ಆದರೆ ಆ ಕತ್ತರಿಯ ಒಂದು ಕಚಕ್ಕಿಗೆ ಅಜ್ಜಿಯ ಕಾಲಿಗೂ ಮದ್ದಿನ ಹೆಸರಿಗೂ ಇದ್ದ ಎಳೆ ತುಂಡಾಯಿತು. ನಾಡಿದ್ದು ಆಕೆ ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರೆ, ಅಲ್ಲಿನ ವೈದ್ಯರಿಗೆ ಸಿಗುವ ಉತ್ತರ ‘ಹಳದಿ ಮಾತ್ರೆ’ ಎಂದಷ್ಟೇ.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ ಟ್ರಮಡಾಲ್ ಇದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಯಾರು ಬರೆದರು, ಯಾರು ಕೊಂಡರು ಎಂದು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟಿರಬೇಕು. ಚಟಕ್ಕೆ ಬಳಕೆಯಾಗುತ್ತಿದೆಯೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕವಸ್ತು ಕಾಯ್ದೆಯಡಿಗೂ ತಂದಿತು. 2024ರ ಆಗಸ್ಟ್‌ನಲ್ಲಿ ನಿಷೇಧವಾದ 156 ಮಿಶ್ರಣಗಳಲ್ಲಿ ಪ್ಯಾರಾಸಿಟಮಾಲ್, ಟ್ರಮಡಾಲ್, ಟಾರಿನ್, ಕೆಫೀನ್ ನಾಲ್ಕನ್ನೂ ಒಂದೇ ಮಾತ್ರೆಗೆ ತುರುಕಿದ್ದೂ ಒಂದು. ಒಂದೇ ಮಾತ್ರೆಯಲ್ಲಿ ಮಲಗಿಸುವುದು, ಎಬ್ಬಿಸುವುದು ಎರಡನ್ನೂ ಇಟ್ಟ ಆ ಜಾಣತನ ಯಾರದೋ.

ಬಿಸಿಲಿನಲ್ಲಿ ದುಡಿಯಲೆಂದೇ ಟ್ರಮಡಾಲ್ ನುಂಗುವ ರೈತರ ಕತೆಯೊಂದು ಆಫ್ರಿಕಾದ ಕ್ಯಾಮರೂನಿನಿಂದ ಬಂದಿದೆ. 2013ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರ ತಂಡ ಒಂದು ಸೋಜಿಗ ಪ್ರಕಟಿಸಿತು: ಉತ್ತರ ಕ್ಯಾಮರೂನಿನಲ್ಲಿ ಜನ ನೋವಿಗೆ ಬಳಸುವ ಮರವೊಂದರ ಬೇರಿನ ತೊಗಟೆಯಲ್ಲಿ ಟ್ರಮಡಾಲ್ ಸಿಕ್ಕಿದೆ, ಕಾರ್ಖಾನೆಯಲ್ಲಿ ಹುಟ್ಟಿದ ಮದ್ದನ್ನು ಪ್ರಕೃತಿ ಮೊದಲೇ ತಯಾರಿಸಿಟ್ಟಿತ್ತು ಎಂದು. ಮಾರನೆ ವರ್ಷ ಜರ್ಮನಿಯ ಡಾರ್ಟ್ಮುಂಡ್‌ನ ತಂಡ ಅಲ್ಲಿಗೇ ಹೋಗಿ ನೋಡಿತು. ಪಕ್ಕದ ಬೇರೆ ಜಾತಿಯ ಮರಗಳಲ್ಲೂ, ಮಣ್ಣಿನಲ್ಲೂ, ನೀರಿನಲ್ಲೂ ಟ್ರಮಡಾಲ್ ಇತ್ತು. ರೈತರು ದಣಿವು ಗೊತ್ತಾಗದಿರಲೆಂದು ಅಗ್ಗದ ಟ್ರಮಡಾಲ್ ನುಂಗುತ್ತಿದ್ದರು, ಸುಡುಬಿಸಿಲಿನಲ್ಲಿ ಉಳಲೆಂದು ಎತ್ತುಗಳಿಗೂ ತಿನ್ನಿಸುತ್ತಿದ್ದರು. ಗಂಜಲದ ಮೂಲಕ ಮದ್ದು ನೆಲ ಸೇರಿ, ಬೇರಿಗೆ ಏರಿತ್ತು. ಎರಡು ತಂಡಗಳ ನಡುವೆ ವಾದ ಕೆಲಕಾಲ ನಡೆಯಿತು. ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಹಲ್ಲು ಹಿಡಿದು ನೋಡಿ ಬೆಲೆ ಕಟ್ಟುವ ನಮ್ಮವರಿಗೆ ಆ ಎತ್ತುಗಳ ನಡಿಗೆ ಹೇಗಿತ್ತೆಂದು ಕೇಳಬೇಕೆನ್ನಿಸೀತು. ಅದನ್ನು ಯಾರಾದರೂ ಬರೆದಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಬರೆದಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಟರಿಫ್ ಎಂಬ ಊರಿಗೆ ಹೋಗಬೇಕು. ಸುತ್ತ ಹೊಲಗಳಿರುವ, ಸಂತೆ ಊರಿನಂಥ ಸಣ್ಣ ಪಟ್ಟಣ. ಅಲ್ಲಿನ ಸಾಮಾನ್ಯ ವೈದ್ಯ ಲೆಸ್ಲಿ ಫ್ಲಾರೆನ್ಸ್ ತಮ್ಮ ನಾಲ್ಕು ರೋಗಿಗಳಲ್ಲಿ ಒಂದು ವಿಚಿತ್ರ ಗಮನಿಸಿದರು: ಪಾದ ಜುಮುಗುಡುವುದು, ಆಮೇಲೆ ಕೈ ಜುಮುಗುಡುವುದು, ಕೈಕಾಲು ತಣ್ಣಗಾಗುವುದು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಆಗೀಗ ನಡಿಗೆಯಲ್ಲಿ ಅಷ್ಟಿಷ್ಟು ತೂರಾಟ. ನಾಲ್ವರೂ ನಿದ್ದೆಗೆಂದು ಹೊಸ ಮಾತ್ರೆಯೊಂದನ್ನು ತಿಂಗಳುಗಟ್ಟಲೆ ನುಂಗಿದ್ದರು. ನಿಲ್ಲಿಸಿದಾಗ ತೊಂದರೆ ಕಡಿಮೆಯಾಯಿತು. ಬೇರೆ ಯಾರಾದರೂ ಇದನ್ನು ಕಂಡಿದ್ದೀರಾ ಎಂದು ಕೇಳಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಒಂದು ಪುಟ್ಟ ಪತ್ರ ಬರೆದರು. ಅದು ಅಚ್ಚಾದದ್ದು 1960ರ ಡಿಸೆಂಬರ್ 31ರಂದು. ಮಾತ್ರೆಯ ಹೆಸರು ಥಾಲಿಡೊಮೈಡ್.

ಅದೇ ಮಾತ್ರೆಯನ್ನು ಅಮೆರಿಕದಲ್ಲಿ ಮಾರಲು ಅನುಮತಿ ಕೇಳಿದ ಅರ್ಜಿ ಆಗ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಯ ಮೇಜಿನ ಮೇಲಿತ್ತು. 1961ರ ಫೆಬ್ರವರಿಯಲ್ಲಿ ಈ ಪತ್ರ ಅವರ ಕಣ್ಣಿಗೆ ಬಿತ್ತು. ಇಂಥ ನರದ ತೊಂದರೆಯನ್ನು ಅರ್ಜಿ ಹಾಕಿದ ಕಂಪನಿ ಏಕೆ ತಿಳಿಸಲಿಲ್ಲ, ಬಸುರಿಯ ಹೊಟ್ಟೆಯ ಮಗುವಿಗೆ ಇದು ಏನು ಮಾಡೀತು ಎಂದು ಕೇಳುತ್ತ ಆಕೆ ಅರ್ಜಿಯನ್ನು ಮುಂದಕ್ಕೆ ತಳ್ಳಿದರು. ಕಂಪನಿಯವರು ಎಷ್ಟು ಎಡತಾಕಿದರೂ ಜಗ್ಗಲಿಲ್ಲ. ಆ ವರ್ಷದ ಕೊನೆಗೆ ಜರ್ಮನಿಯ ಲೆಂಜ್, ಆಸ್ಟ್ರೇಲಿಯದ ಮೆಕ್‌ಬ್ರೈಡ್ ಎಂಬ ವೈದ್ಯರು ಬೇರೆಬೇರೆಯಾಗಿ ಸತ್ಯ ಹೊರಗೆಡಹಿದರು: ಬಸುರಿನಲ್ಲಿ ಈ ಮಾತ್ರೆ ನುಂಗಿದ ತಾಯಂದಿರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿದ್ದರು. ಜಗತ್ತಿನಲ್ಲಿ ಅಂಥ ಮಕ್ಕಳು ಸುಮಾರು 10,000. ಅಮೆರಿಕದಲ್ಲಿ ಈ ದುರಂತ ಬಹುಮಟ್ಟಿಗೆ ತಪ್ಪಿತು. ಥಾಲಿಡೊಮೈಡನ್ನು 1957ರಲ್ಲಿ ಮಾರುಕಟ್ಟೆಗೆ ಬಿಟ್ಟ ಕಂಪನಿ ಗ್ರುನೆಂತಾಲ್. ಇಪ್ಪತ್ತು ವರ್ಷದ ಮೇಲೆ ಟ್ರಮಡಾಲ್ ಮಾರಿದ್ದೂ ಅದೇ.

ಟ್ರಮಡಾಲ್ ಇನ್ನೊಂದು ಥಾಲಿಡೊಮೈಡ್ ಎಂದು ಇದರರ್ಥವಲ್ಲ, ಖಂಡಿತ ಅಲ್ಲ. ಟ್ರಮಡಾಲ್‌ನ ಗುಣದೋಷ ಐದು ದಶಕದಿಂದ ಅಳೆದು ನೋಡಿದ್ದು. ನನ್ನ ಗಮನ ಇರುವುದು ಆ ನಾಲ್ಕು ರೋಗಿಗಳ ಮೇಲೆ. ಹಳ್ಳಿಗಾಡಿನ ನಾಲ್ಕು ಜನರ ಪಾದದ ಜುಮುಗು ಅಚ್ಚಾದದ್ದರಿಂದ ಇನ್ನೊಂದು ಖಂಡದ ಸಾವಿರಾರು ಮಕ್ಕಳ ಕೈಕಾಲು ಉಳಿದವು. ಫ್ಲಾರೆನ್ಸ್ ಅವರಿಗೆ ಆ ಕೊಂಡಿ ಕಾಣಿಸಿದ್ದು ಅವರ ರೋಗಿಗಳು ಹೆಸರಿರುವ ಮಾತ್ರೆ ನುಂಗಿದ್ದರಿಂದ.

ಹೊಸ ಮದ್ದನ್ನು ಮಾರುಕಟ್ಟೆಗೆ ಬಿಡುವ ಮೊದಲು ಪರೀಕ್ಷಿಸುವುದು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಒಂದು ಸಲವಾದರೂ ಕಣ್ಣಿಗೆ ಬೀಳುತ್ತದೆ ಎಂದು ಭರವಸೆ ಬರಬೇಕಾದರೆ ಸುಮಾರು 30,000 ಜನರನ್ನು ನೋಡಬೇಕು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ ದಾಟಿತ್ತು. ಅಷ್ಟು ಜನರಲ್ಲಿ ಒಂದು ಲಕ್ಷ ಮಂದಿ ಟ್ರಮಡಾಲ್ ನುಂಗಿದರು ಎಂದು ಲೆಕ್ಕಕ್ಕಾಗಿ ಊಹಿಸಿಕೊಂಡರೆ, ನಡಿಗೆ ತಪ್ಪಿದವರು ಹತ್ತರಿಂದ ನೂರು ಜನ ಇರಬೇಕು. ಇವರು ಎಲ್ಲಿದ್ದಾರೆ? ಅಡ್ಡಪರಿಣಾಮಗಳ ವರದಿಗಾರಿಕೆ ಕುರಿತ 37 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2006ರ ವಿಮರ್ಶೆಯೊಂದು, ನೂರರಲ್ಲಿ ಸರಿಸುಮಾರು 94 ತೊಂದರೆಗಳು ವರದಿಯೇ ಆಗುವುದಿಲ್ಲ ಎಂದು ಕಂಡುಕೊಂಡಿತು. ಅವುಗಳಲ್ಲಿ ಹೆಚ್ಚಿನವು ನಮಗಿಂತ ಅಚ್ಚುಕಟ್ಟಾಗಿ ಕಾಗದಪತ್ರ ಇಟ್ಟುಕೊಳ್ಳುವ ದೇಶಗಳವು.

ಥಾಲಿಡೊಮೈಡ್ ದುರಂತದ ನಂತರ, 1968ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಔಷಧಗಳ ಮೇಲೆ ಕಣ್ಣಿಡುವ ಕಾರ್ಯಕ್ರಮ ಶುರುಮಾಡಿತು. 1978ರಿಂದ ಅದರ ಕೇಂದ್ರ ಸ್ವೀಡನ್ನಿನ ಉಪ್ಸಲಾ. ಅಲ್ಲಿನ ಭಂಡಾರದಲ್ಲಿ ಈಗ ಮೂರು ಕೋಟಿಗೂ ಹೆಚ್ಚು ವರದಿಗಳಿವೆ. ನಮ್ಮಲ್ಲಿ ಇದು ಗಟ್ಟಿಯಾಗಿ ನಿಂತದ್ದು 2010ರ ಜುಲೈನಲ್ಲಿ, ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾದಾಗ. ಮರುವರ್ಷದಿಂದ ಅದು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಆಯೋಗದ ಕೈಯಲ್ಲಿದೆ. ಮೈಸೂರಿನ ಜೆಎಸ್‌ಎಸ್ ಸಂಸ್ಥೆಗಳು ಈ ವಿಷಯದಲ್ಲಿ ದೇಶಕ್ಕೇ ಮುಂಚೂಣಿ. ಫಾರ್ಮಸಿ ಓದಿದವರು ಔಷಧದಂಗಡಿಯಲ್ಲಷ್ಟೇ ನಿಲ್ಲದೆ ವಾರ್ಡಿನಲ್ಲಿ ರೋಗಿಯ ಹಾಸಿಗೆ ಪಕ್ಕ ನಿಂತು, ಮದ್ದು ಏನು ಮಾಡುತ್ತಿದೆ ಎಂದು ಬರೆದುಕೊಳ್ಳುವ ಪದ್ಧತಿಯನ್ನು 1990ರ ದಶಕದ ಕೊನೆಯಲ್ಲೇ ಅಲ್ಲಿ ಶುರುಮಾಡಿದರು. ಇಂಥ ವರದಿಗಳು ಕೇವಲ ಕಪಾಟು ತುಂಬುವುದಿಲ್ಲ. ಮುಟ್ಟಿನ ಹೊಟ್ಟೆನೋವಿಗೆ ಮನೆಮನೆಯಲ್ಲಿ ನುಂಗುವ ಮೆಫೆನಾಮಿಕ್ ಆಮ್ಲ ಕೆಲವರಲ್ಲಿ ಜ್ವರ, ಮೈಯೆಲ್ಲ ಗಂಧೆ, ಒಳಾಂಗಗಳ ತೊಂದರೆ ತರುವ ತೀವ್ರ ಅಲರ್ಜಿಗೆ ಕಾರಣವಾಗಬಹುದು ಎಂದು ಆಯೋಗ 2023ರ ನವೆಂಬರ್ 30ರಂದು ಎಚ್ಚರಿಸಿದ್ದು ದೇಶದೊಳಗಿನ ವರದಿಗಳನ್ನು ಪರಿಶೀಲಿಸಿಯೇ.

ವರದಿಯಾಯಿತು ಎಂದರೆ ಮಾತ್ರೆಯ ಅಪರಾಧ ಸಾಬೀತಾಯಿತು ಎಂದಲ್ಲ. ಈ ವ್ಯತ್ಯಾಸ ಮರೆತವರು ಎರಡು ಬಗೆಯಲ್ಲಿ ಕೆಡುತ್ತಾರೆ: ಒಬ್ಬರು ಎಲ್ಲ ಮಾತ್ರೆಯೂ ವಿಷ ಎನ್ನುತ್ತಾರೆ, ಇನ್ನೊಬ್ಬರು ಪುರಾವೆ ಇಲ್ಲದೆ ಬಾಯಿ ಬಿಡಬಾರದು ಎನ್ನುತ್ತಾರೆ. ಸಾಬೀತು ಮಾಡುವುದು ತಜ್ಞರ ಕೆಲಸ. 1981ರಲ್ಲಿ ಟೊರಾಂಟೊದ ನರಾಂಜೊ ಮತ್ತು ಸಂಗಡಿಗರು ರೂಪಿಸಿದ ಹತ್ತು ಪ್ರಶ್ನೆಗಳನ್ನು ಇಂದಿಗೂ ಬಳಸುತ್ತಾರೆ. ಮದ್ದು ಶುರುವಾದ ಮೇಲೆ ತೊಂದರೆ ಬಂತೇ, ನಿಲ್ಲಿಸಿದಾಗ ಹೋಯಿತೇ, ಮತ್ತೆ ಕೊಟ್ಟಾಗ ಮರಳಿತೇ, ಬೇರೆ ಕಾರಣ ಇರಬಹುದೇ, ಈ ಬಗೆಯವು. ಬೇರೆ ಕಾರಣದ ಪ್ರಶ್ನೆ ಹಗುರವಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ಇದೇ ತೂರಾಟ ಬರುತ್ತದೆ. ಬಿ12 ಕೊರತೆಯಲ್ಲಿ, ಹಳೆಯ ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ನೆಲವೇ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದ್ದಕ್ಕಿದ್ದಂತೆ ನಡಿಗೆ ತಪ್ಪಿ, ಜೊತೆಗೆ ವಾಂತಿ, ಜೋರು ತಲೆನೋವು, ಮಾತು ತೊದಲುವುದು, ಎರಡೆರಡು ಕಾಣುವುದು, ಬಾಯಿ ಸೊಟ್ಟಗಾಗುವುದು ಏನಾದರೂ ಕಂಡರೆ ಮಾತ್ರೆಯ ವಿಚಾರಣೆಗೆ ಕೂರಬಾರದು. ಅದು ಮೆದುಳಿನ ಪಾರ್ಶ್ವವಾಯು ಆಗಿರಬಹುದು. ಆ ಗಳಿಗೆಯೇ ಗಾಡಿ ಹತ್ತಿಸಿ ದೊಡ್ಡಾಸ್ಪತ್ರೆಗೆ ಹೋಗಬೇಕು.

ಅಷ್ಟು ತುರ್ತಿಲ್ಲದಾಗ, ಅಂದರೆ ಹೊಸ ಮಾತ್ರೆ ಶುರುವಾದ ಎರಡು ಮೂರು ದಿನದಲ್ಲಿ ನಡಿಗೆ ಓಲಾಡತೊಡಗಿದರೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಪಟ್ಟಿಯ ಸಮೇತ ಚೀಲಕ್ಕೆ ಹಾಕಿಕೊಂಡು ವೈದ್ಯರ ಹತ್ತಿರ ಹೋಗುವುದು ಮೇಲು. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಮನೋವೈದ್ಯರದ್ದು ಎಲ್ಲವೂ ಅದರಲ್ಲಿರಲಿ. ವಾರಗಟ್ಟಲೆ ತೆಗೆದುಕೊಂಡ ಟ್ರಮಡಾಲ್ ಅಥವಾ ಪ್ರಿಗಾಬಲಿನ್‌ ಅನ್ನು ಹೆದರಿ ಒಂದೇ ಏಟಿಗೆ ನಿಲ್ಲಿಸಬೇಡಿ. ಬೆವರು, ಚಡಪಡಿಕೆ, ನಿದ್ದೆಗೇಡು ಶುರುವಾಗುತ್ತದೆ, ವೈದ್ಯರು ಇಳಿಸುತ್ತ ಬಿಡಿಸುತ್ತಾರೆ. ಗದ್ದೆ ಕೆಲಸ, ಬೈಕು, ಕಬ್ಬಿನ ಗಾಣ ಆ ದಿನಗಳಲ್ಲಿ ಬೇಡ.

ಮೆಡಿಕಲ್ ಸ್ಟೋರ್‌ನವರಿಗೂ ಒಂದು ಕೋರಿಕೆ. ಪಟ್ಟಿ ಕತ್ತರಿಸಲೇಬೇಕಾದರೆ ಪೊಟ್ಟಣದ ಮೇಲೆ ಮದ್ದಿನ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ. ಪೆನ್ನು ಕಿವಿಯ ಮೇಲೇ ಇರುತ್ತದೆ.

ವರದಿ ಮಾಡಲು ವೈದ್ಯರೇ ಆಗಬೇಕೆಂದಿಲ್ಲ. ರೋಗಿಯೇ ತುಂಬಬಹುದಾದ ನಮೂನೆ ಕನ್ನಡದಲ್ಲೂ ಇದೆ. ಕೇಳುವುದು ಹೆಚ್ಚೇನಿಲ್ಲ: ರೋಗಿಯ ಹೆಸರಿನ ಮೊದಲಕ್ಷರ, ಏನಾಯಿತು, ಯಾವಾಗ ಶುರುವಾಯಿತು, ಯಾವ ಮದ್ದಿನ ಮೇಲೆ ಅನುಮಾನ, ಹೇಳುತ್ತಿರುವವರು ಯಾರು. ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ, ಮೈಸೂರಿನ ಜೆಎಸ್‌ಎಸ್‌ನಂಥ ವೈದ್ಯಕೀಯ ಕಾಲೇಜುಗಳ ಫಾರ್ಮಕಾಲಜಿ ವಿಭಾಗದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಅಲ್ಲಿಯವರೆಗೆ ಹೋಗಲಾಗದವರಿಗೆ ಹಣ ಬೇಡದ ಸಹಾಯವಾಣಿ ಇದೆ: 1800-180-3024. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ. ಭಾನುವಾರ ಇದನ್ನು ಓದಿದ ಬಿಸಿಯಲ್ಲಿ ಕರೆ ಮಾಡಿದರೆ ಯಾರೂ ಎತ್ತುವುದಿಲ್ಲ. ಸೋಮವಾರ ಮಾಡಿ, ಮಾತ್ರೆಯ ಪಟ್ಟಿ ಕೈಯಲ್ಲಿರಲಿ.